ಮುಚ್ಚಿದ ಲಕೋಟೆಯಲ್ಲಿ ಮನೆಯ ಬೆಲೆ

ನಮ್ಮಲ್ಲಿ ಮನೆ ಕೊಳ್ಳುವುದು ಬಹುಮಟ್ಟಿಗೆ ಮಾತಿನ ವ್ಯವಹಾರ. ದಲ್ಲಾಳಿಯನ್ನು ನಡುವೆ ಕೂರಿಸಿಕೊಂಡು, ಚೌಕಾಸಿ ಮಾಡಿ, ಬೆಲೆ ಕುದುರಿದ ಮೇಲೆ ಮುಂಗಡ ಕೊಟ್ಟು ಕರಾರು ಪತ್ರ ಬರೆಸುತ್ತೇವೆ. ಸ್ಕಾಟ್ಲೆಂಡಿನಲ್ಲಿ ಪದ್ಧತಿಯೇ ಬೇರೆ. ಎಡಿನ್‌ಬರೋ, ಗ್ಲಾಸ್ಗೋ ನಗರಗಳಲ್ಲಿ ನೆಲೆಸಿರುವ ಕನ್ನಡಿಗರೂ ಮನೆ ಕೊಳ್ಳುವಾಗ ಅದನ್ನೇ ಅನುಸರಿಸಬೇಕಾದ್ದರಿಂದ, ಮಕ್ಕಳು ಅಲ್ಲಿರುವ ತಂದೆತಾಯಿಗಳಿಗೆ ಇದರ ಪರಿಚಯವಿದ್ದರೆ ಒಳ್ಳೆಯದು.

ಅಲ್ಲಿ ಮನೆಯ ಜಾಹೀರಾತಿನಲ್ಲಿ ಸಾಮಾನ್ಯವಾಗಿ 'ಇಷ್ಟು ಪೌಂಡಿಗೆ ಮೇಲ್ಪಟ್ಟು' ಎಂದಿರುತ್ತದೆ. ಮನೆಯನ್ನು ಮೆಚ್ಚಿದವರು ಸಾಲಿಸಿಟರ್ ಎಂಬ ವಕೀಲರ ಮೂಲಕ ತಮ್ಮ ಆಸಕ್ತಿಯನ್ನು ತಿಳಿಸುತ್ತಾರೆ. ಇಂಥವರು ಹಲವರಾದಾಗ ಮಾರುವವರು ಒಂದು ದಿನವನ್ನೂ ಗಂಟೆಯನ್ನೂ ಗೊತ್ತುಮಾಡುತ್ತಾರೆ. ಅಷ್ಟರೊಳಗೆ ಪ್ರತಿಯೊಬ್ಬರ ವಕೀಲರೂ ಬೆಲೆ, ಮನೆ ಬಿಟ್ಟುಕೊಡಬೇಕಾದ ದಿನ, ಮನೆಯೊಡನೆ ಬರಬೇಕಾದ ಸಾಮಾನು, ಇತರ ಷರತ್ತುಗಳು ಇವನ್ನೆಲ್ಲ ಬರೆದು ಕಳುಹಿಸಬೇಕು. ಹಿಂದೆ ಇದು ಮುಚ್ಚಿದ ಲಕೋಟೆಯಲ್ಲಿ ಹೋಗುತ್ತಿತ್ತು. ಈಗ ಹೆಚ್ಚಾಗಿ ಇ-ಮೇಲ್‌ನಲ್ಲಿ ಹೋಗುತ್ತದೆ. ಗುಟ್ಟು ಮಾತ್ರ ಹಾಗೆಯೇ ಉಳಿದಿದೆ. ಇತರರು ಬರೆದ ಮೊತ್ತ ನಮಗೆ ತಿಳಿಯದು. ಸಾಮಾನ್ಯವಾಗಿ ಎರಡನೆಯ ಅವಕಾಶವೂ ದೊರೆಯದು. ಮಾರುವವರು ಅತಿ ಹೆಚ್ಚಿನ ಬೆಲೆಗೇ ಒಪ್ಪಬೇಕೆಂಬ ಕಟ್ಟಳೆಯೂ ಇಲ್ಲ. ಕೈಯಲ್ಲಿ ಹಣ ಸಿದ್ಧವಾಗಿರುವವರನ್ನೋ, ಅನುಕೂಲವಾದ ದಿನ ಸೂಚಿಸಿದವರನ್ನೋ ಆರಿಸಿಕೊಳ್ಳಬಹುದು.

ಹಾಗಾದರೆ ಎಷ್ಟು ಬರೆಯಬೇಕು? ಇದಕ್ಕೊಂದು ಆಧಾರವುಂಟು. 2008ರ ಡಿಸೆಂಬರಿನಿಂದ, ಮಾರಾಟಕ್ಕಿಟ್ಟ ಬಹುಪಾಲು ಮನೆಗಳಿಗೆ ಮಾರುವವರೇ 'ಹೋಮ್ ರಿಪೋರ್ಟ್' ಎಂಬ ವರದಿಯನ್ನು ಮಾಡಿಸಿಡಬೇಕು. ತಜ್ಞರು ಕಂಡ ಕುಂದುಕೊರತೆಗಳೂ ಅವರು ಕಟ್ಟಿದ ಬೆಲೆಯೂ ಅದರಲ್ಲಿರುತ್ತವೆ. ಅದಕ್ಕೆ ಮುಂಚೆ ಕೊಳ್ಳಬಯಸಿದವರು ತಾವೇ ಹಣ ತೆತ್ತು ಪರೀಕ್ಷೆ ಮಾಡಿಸಬೇಕಾಗಿತ್ತು; ಮನೆ ಕೈತಪ್ಪಿದರೆ ಆ ಹಣವೂ ಹೋಗುತ್ತಿತ್ತು.

ಎಚ್ಚರ ಬೇಕಾದದ್ದು ಇಲ್ಲಿಯೇ. ಬ್ಯಾಂಕು ಸಾಲ ಕೊಡುವುದು ತಜ್ಞರು ಕಟ್ಟಿದ ಬೆಲೆಯ ಮೇಲೆ, ನಾವು ಉತ್ಸಾಹದಲ್ಲಿ ಬರೆದ ಬೆಲೆಯ ಮೇಲಲ್ಲ. ಮನೆಗೆ ಕಟ್ಟಿದ ಬೆಲೆ 2,00,000 ಪೌಂಡು, ನಾವು ಬರೆದದ್ದು 2,15,000 ಎಂದಿಟ್ಟುಕೊಳ್ಳೋಣ. ನೂರಕ್ಕೆ 90ರಂತೆ ಬ್ಯಾಂಕು 1,80,000 ಕೊಟ್ಟರೆ, ಉಳಿದ 35,000 ಪೌಂಡನ್ನು ನಾವೇ ಹೊಂದಿಸಬೇಕು. ತೆರಿಗೆ, ವಕೀಲರ ಶುಲ್ಕ ಬೇರೆ.

ಬೆಲೆ ಒಪ್ಪಿಗೆಯಾದ ಮೇಲೆ ಎರಡು ಕಡೆಯ ವಕೀಲರ ನಡುವೆ 'ಮಿಸಿವ್ಸ್' ಎಂಬ ಪತ್ರಗಳು ನಡೆಯುತ್ತವೆ. ಅವು ಮುಗಿಯುವವರೆಗೆ ಯಾರು ಬೇಕಾದರೂ ಹಿಂದೆಗೆಯಬಹುದು. ಮುಗಿದ ಮೇಲೆ ಇಬ್ಬರೂ ಬದ್ಧರು, ತಪ್ಪಿದವರು ನಷ್ಟ ತುಂಬಿಕೊಡಬೇಕಾದೀತು. ನಡುವೆ ಬೇರೊಬ್ಬರು ಹೆಚ್ಚು ಹಣ ತೋರಿಸಿದರೆಂದು ಮಾರುವವರು ಮನಸ್ಸು ಬದಲಿಸಿದರೆ, ಅವರ ವಕೀಲರು ಆ ಕೆಲಸದಿಂದ ಹಿಂದೆ ಸರಿಯಬೇಕೆಂಬುದು ಅಲ್ಲಿನ ವಕೀಲರ ಸಂಘದ ಸೂಚನೆ.

ಆದ್ದರಿಂದ ಇತರರು ಎಷ್ಟು ಬರೆದಾರೆಂದು ಊಹಿಸುತ್ತ ಕೂರುವುದರಲ್ಲಿ ಫಲವಿಲ್ಲ. ಈ ಮನೆ ನಮಗೆ ಎಷ್ಟು ಬೆಲೆಯದು, ನಮ್ಮ ಕೈಯಿಂದ ಎಷ್ಟು ಕೂಡಿಬರುತ್ತದೆ ಎಂಬ ಎರಡು ಮೊತ್ತಗಳನ್ನು ಮೊದಲೇ ಮನೆಮಂದಿಯೊಡನೆ ಕುಳಿತು ಗೊತ್ತುಮಾಡಿಕೊಳ್ಳಬೇಕು. ಅವೆರಡರಲ್ಲಿ ಕಡಿಮೆಯದನ್ನು ಮೀರದಂತೆ ಬರೆದವರಿಗೆ, ಮನೆ ಕೈತಪ್ಪಿದರೂ ನಿದ್ರೆ ಕೆಡುವುದಿಲ್ಲ. ಕೈಗೆ ಬಂದರೂ ಕೆಡುವುದಿಲ್ಲ.