ಜೇಕುನೊಣದ ಆಯ್ಕೆ

ಶಿರಗುಪ್ಪಿಯ ಎರೆಬಯಲಿನ ಹಳ್ಳಗಳು ಮಳೆಗಾಲದಲ್ಲಿ ರಾಡಿಯಾಗಿ ಉಕ್ಕಿ, ಬೇಸಗೆಯಲ್ಲಿ ಬತ್ತಿಹೋಗುತ್ತವೆ. ಅಂತಹ ನೀರಿನಲ್ಲಿ ಟ್ರೌಟ್ ಮೀನು ಬಾಳಲಾರದು. ಅದಕ್ಕೆ ತಂಪಾದ, ತಿಳಿಯಾದ, ಸದಾ ಹರಿಯುವ ನೀರು ಬೇಕು; ನೀರಿನ ಶಾಖವು 25 ಸೆಂಟಿಗ್ರೇಡನ್ನು ಸಮೀಪಿಸಿತೆಂದರೆ ಅದರ ಪ್ರಾಣಕ್ಕೆ ಸಂಕಟ. ಆದುದರಿಂದ ಹುಬ್ಬಳ್ಳಿಯ ಹವ್ಯಾಸಿಯು ನೀಲಗಿರಿಯವರೆಗೆ ಹೋಗಬೇಕಾಗುತ್ತದೆ. ಅಲ್ಲಿಯೂ ಈ ಮೀನು ಪರದೇಶಿಯೇ. ಫ್ರಾನ್ಸಿಸ್ ಡೇ ಅವರು 1860ರ ದಶಕದಲ್ಲಿ ಅದನ್ನು ತರಲು ಯತ್ನಿಸಿದರು, ಎಚ್. ಸಿ. ವಿಲ್ಸನ್ನರು 1907ರಲ್ಲಿ ಅವಲಾಂಚಿಯಲ್ಲಿ ಮರಿಮಾಡುವ ಕೇಂದ್ರವನ್ನು ಸ್ಥಾಪಿಸಿದರು.

ಅಷ್ಟು ದೂರ ಹೋಗಿ, ಅನುಮತಿ ಪಡೆದು, ದಿನವೆಲ್ಲ ಬರಿಗೈಯಲ್ಲಿ ನಿಲ್ಲುವುದು ಬಹುಮಟ್ಟಿಗೆ ಡಬ್ಬಿಯಲ್ಲಿನ ಅಂದವಾದ ನೊಣವನ್ನು ಆರಿಸಿದ್ದರ ಫಲ. ಮೀನಿಗೆ ಅಂದದ ಗೊಡವೆಯಿಲ್ಲ. ಡಬ್ಬಿ ತೆರೆಯುವ ಮೊದಲು ಹೊಳೆಯ ಕಲ್ಲೊಂದನ್ನು ಮಗುಚಿ ನೋಡೋಣ. ಮರಳು, ಕಡ್ಡಿ, ಎಲೆಯ ಚೂರುಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಕಟ್ಟಿದ ಪುಟ್ಟ ಕೊಳವೆ ಸಿಕ್ಕಿತೆಂದರೆ, ಅದರೊಳಗಿನ ಹುಳುವೇ ಮುಂದೆ ನೊಣವಾಗತಕ್ಕದ್ದು. ದಡದ ಜೇಕುಹುಲ್ಲಿನ ಹೆಸರನ್ನೇ ಇಂಗ್ಲಿಷರು ಅದಕ್ಕೆ ಇಟ್ಟಿದ್ದಾರೆ, ನಾವು ಜೇಕುನೊಣವೆನ್ನೋಣ. ಕೂತಾಗ ಅದರ ರೆಕ್ಕೆಗಳು ಹಂಚಿನ ಮಾಡಿನಂತೆ ಇಳಿಜಾರಾಗಿ ಮಡಿಸಿಕೊಳ್ಳುತ್ತವೆ. ಪತಂಗದ ರೆಕ್ಕೆಗೆ ಹುಡಿಯಿದ್ದರೆ, ಇದರ ರೆಕ್ಕೆಗೆ ನವುರಾದ ರೋಮ.

ಮೀನು ಕೆಳಗಿನಿಂದ ನೋಡುತ್ತದೆ. ಆಕಾಶದ ಬೆಳಕಿಗೆ ಎದುರಾಗಿ ಅದಕ್ಕೆ ಕಾಣುವುದು ಕಪ್ಪು ಆಕೃತಿ. ಆದುದರಿಂದ ನಾವು ಮೊದಲ ಸ್ಥಾನವನ್ನು ಗಾತ್ರಕ್ಕೆ, ಎರಡನೆಯದನ್ನು ಆ ಮಾಡಿನ ಆಕೃತಿಗೆ ಕೊಡುತ್ತೇವೆ, ಬಣ್ಣ ಕಡೆಗೆ. ಕಂದು, ಬೂದು ಎರಡಿದ್ದರೆ ಸಾಕು. ಗಾಳದ ಸಂಖ್ಯೆ ಹೆಚ್ಚಿದಂತೆ ಗಾಳ ಚಿಕ್ಕದೆಂಬುದನ್ನು ನೆನಪಿಡಬೇಕು: 12, 14, 16 ಸಾಮಾನ್ಯವಾಗಿ ಸಾಲುತ್ತವೆ. ಅಮೆರಿಕದ ಅಲ್ ಟ್ರಾತ್ 1957ರಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ರೋಮದಿಂದ ಕಟ್ಟಿದ ಮಾದರಿ ಇಂದಿಗೂ ಪ್ರಸಿದ್ಧ. ಆ ರೋಮದೊಳಗೆ ಗಾಳಿಯಿರುವುದರಿಂದ ನೊಣ ಸುಲಭವಾಗಿ ಮುಳುಗದು. ರಭಸದ ನೀರಿಗೆ ಅದೇ ಮೇಲು.

ಸಂಜೆಗೆ ನೊಣಗಳು ನೀರಿನ ಮೇಲೆ ಪಟಪಟಿಸಿ ಓಡುವುದುಂಟು. ಆಗ ದಾರವನ್ನು ಒಮ್ಮೊಮ್ಮೆ ಮಿಡಿದರೆ ತಪ್ಪಿಲ್ಲ. ಉಳಿದ ಹೊತ್ತು ಪ್ರವಾಹದೊಡನೆ ತೇಲಲು ಬಿಡಬೇಕು. ನೀರು ಉಬ್ಬುತ್ತಿದೆ, ಆದರೆ ಮೇಲಿನ ನೊಣವನ್ನು ಮೀನು ಮುಟ್ಟುತ್ತಿಲ್ಲವೆಂದರೆ, ಅದು ಕೋಶದಿಂದ ಹೊರಟು ಮೇಲೇರುತ್ತಿರುವ ಎಳೆಯ ಜೀವಿಗಳನ್ನು ನೀರೊಳಗೇ ಹಿಡಿಯುತ್ತಿದೆಯೆಂದು ತಿಳಿಯಬೇಕು. ಆಗ ತೇಲುವ ನೊಣವನ್ನು ಬಿಚ್ಚಿ, ಮುಳುಗುವ ಅನುಕರಣವನ್ನು ಕಟ್ಟುವುದೇ ಸರಿ.

ಈ ಹುಳುಗಳಲ್ಲಿ ಅನೇಕವು ಹೊಲಸು ನೀರನ್ನು ಸಹಿಸವು. ಹತ್ತು ಕಲ್ಲು ಮಗುಚಿದರೂ ಒಂದು ಗೂಡೂ ಕಾಣದಿದ್ದರೆ ಡಬ್ಬಿಯನ್ನು ಮುಚ್ಚಿ, ತೊರೆಯ ಮೇಲ್ಭಾಗಕ್ಕೆ ನಡೆಯಬೇಕು.