ಕಡೆಯವರಿಗೆ ಮೊದಲ ಸರದಿ

ಹಳ್ಳಿಯ ಬಯಲಿನಲ್ಲಿ ಕಬಡ್ಡಿಯಾಗಲಿ ಖೊಖೊ ಆಗಲಿ ಆರಂಭವಾಗುವ ಮುನ್ನ ಪಕ್ಷ ಕಟ್ಟುವ ಕಾರ್ಯ ನಡೆಯುತ್ತದೆ. ಇಬ್ಬರು ಮುಖಂಡರು ನಿಲ್ಲುತ್ತಾರೆ. ಉಳಿದ ಹುಡುಗರು ಬಲದಲ್ಲಿಯೂ ಚುರುಕಿನಲ್ಲಿಯೂ ತಮಗೆ ಸಮನಾದವರನ್ನು ಜೊತೆ ಮಾಡಿಕೊಂಡು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು, 'ಸೂರ್ಯ ಬೇಕೋ, ಚಂದ್ರ ಬೇಕೋ' ಎಂದು ಕೇಳುತ್ತಾರೆ. ಮುಖಂಡನು ಬೇಡಿದ ಹೆಸರಿನವನು ಅವನ ಪಕ್ಷಕ್ಕೆ ಸೇರಿದರೆ ಇನ್ನೊಬ್ಬನು ಎದುರು ಪಕ್ಷಕ್ಕೆ ಸಲ್ಲುತ್ತಾನೆ. ಸಮಬಲರನ್ನು ಜೊತೆ ಮಾಡುವುದು ಹುಡುಗರ ವಿವೇಕ. ಯಾರು ಯಾರ ಪಾಲಿಗೆ ಎಂಬುದು ಅದೃಷ್ಟದ ಕೆಲಸ. ಪಕ್ಷಗಳು ಸರಿಸಮವಾಗಿರದಿದ್ದರೆ ಆಟದಲ್ಲಿ ಸ್ವಾರಸ್ಯವಿಲ್ಲ ಎಂಬ ತತ್ತ್ವವನ್ನು ಯಾವ ಗ್ರಂಥವನ್ನೂ ಓದದ ಮಕ್ಕಳು ಹೀಗೆ ಪಾಲಿಸುತ್ತ ಬಂದಿದ್ದಾರೆ.

ಇದೇ ತತ್ತ್ವವನ್ನು ಲಕ್ಷಾಂತರ ರೂಪಾಯಿಗಳ ವ್ಯವಹಾರವುಳ್ಳ ವೃತ್ತಿಪರ ಆಟಗಳಿಗೆ ಅನ್ವಯಿಸಲು ಹೊರಟಾಗ ಹುಟ್ಟಿದ ಪದ್ಧತಿಗೆ 'ಡ್ರಾಫ್ಟ್' ಎಂದು ಹೆಸರು. ಕನ್ನಡದಲ್ಲಿ 'ಸರದಿಯ ಆಯ್ಕೆ' ಎನ್ನಬಹುದು. ವರ್ಷದ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದ ತಂಡವು ಹೊಸದಾಗಿ ಬರುವ ಯುವ ಆಟಗಾರರಲ್ಲಿ ಮೊದಲನೆಯವನನ್ನು ಆರಿಸಿಕೊಳ್ಳುತ್ತದೆ. ಗೆದ್ದು ಬೀಗಿದ ತಂಡವು ಕಟ್ಟಕಡೆಗೆ ಕೈಚಾಚಬೇಕು. ಎಲ್ಲರದೂ ಮುಗಿದ ಮೇಲೆ ಎರಡನೆಯ ಸುತ್ತು, ಅನಂತರ ಮೂರನೆಯದು.

ಶಿಕ್ಷಕರಿಗೆ ಚಿರಪರಿಚಿತವಾದ ಸಾಮಾನ್ಯ ಪ್ರವೇಶ ಪರೀಕ್ಷೆಯೊಡನೆ ಹೋಲಿಸಿದರೆ ಈ ಕ್ರಮದ ವೈಶಿಷ್ಟ್ಯ ತಿಳಿಯುತ್ತದೆ. 1994ರಿಂದ ನಮ್ಮ ರಾಜ್ಯದಲ್ಲಿ ವೃತ್ತಿಶಿಕ್ಷಣದ ಸೀಟುಗಳನ್ನು ಹಂಚುವುದೂ ಸರದಿಯಿಂದಲೇ. ಆದರೆ ಅಲ್ಲಿ ಆರಿಸುವವನು ವಿದ್ಯಾರ್ಥಿ, ಆರಿಸಲ್ಪಡುವುದು ಕಾಲೇಜು; ಹೆಚ್ಚು ಅಂಕ ಗಳಿಸಿದವನಿಗೆ ಮೊದಲ ಸರದಿ. ಇಲ್ಲಿ ಎರಡೂ ತಲೆಕೆಳಗು. ಸಂಸ್ಥೆಯೇ ವ್ಯಕ್ತಿಯನ್ನು ಆರಿಸುತ್ತದೆ, ಮತ್ತು ದುರ್ಬಲ ಸಂಸ್ಥೆಗೇ ಅಗ್ರಸ್ಥಾನ. ಯಾವ ಊರಿಗೆ ಹೋಗಬೇಕೆಂಬ ವಿಷಯದಲ್ಲಿ ಹದಿನೆಂಟರ ಹರೆಯದ ಆಟಗಾರನ ಮಾತು ನಡೆಯುವುದಿಲ್ಲವೆಂಬುದು ಈ ಪದ್ಧತಿಯ ಮೇಲಿರುವ ಹಳೆಯ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿಲ್ಲ.

ಪದ್ಧತಿಯ ತವರು ಅಮೆರಿಕ. ಸದಾ ಸೋಲುತ್ತಿದ್ದ ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್ ಅವರು 1935ರಲ್ಲಿ ಇದನ್ನು ಸೂಚಿಸಿದರು. 1936ರ ಫೆಬ್ರುವರಿಯಲ್ಲಿ ಮೊದಲ ಆಯ್ಕೆ ನಡೆಯಿತು. ಆಸ್ಟ್ರೇಲಿಯದ ದಕ್ಷಿಣ ಸೀಮೆಯಲ್ಲಿ ಜನಪ್ರಿಯವಾಗಿರುವ, ಅಂಡಾಕಾರದ ಮೈದಾನದಲ್ಲಿ ಪಕ್ಷಕ್ಕೆ ಹದಿನೆಂಟು ಜನರಂತೆ ಆಡುವ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿಗೆ ಅದು ಬಂದದ್ದು 1986ರಲ್ಲಿ. ಅಮೆರಿಕದಲ್ಲಿ ಪ್ರಪ್ರಥಮವಾಗಿ ಆಯ್ಕೆಯಾದ ಜೇ ಬರ್ವಾಂಗರ್ ವೃತ್ತಿಪರ ಆಟಕ್ಕೆ ಇಳಿಯಲೇ ಇಲ್ಲ. ಆಸ್ಟ್ರೇಲಿಯದಲ್ಲಿ ಸೇಂಟ್ ಕಿಲ್ಡಾ ತಂಡವು ಪ್ರಪ್ರಥಮವಾಗಿ ಆರಿಸಿದ ಮಾರ್ಟಿನ್ ಲೆಸ್ಲಿ ಆ ತಂಡದ ಪರವಾಗಿ ಒಂದೂ ಹಿರಿಯರ ಪಂದ್ಯ ಆಡಲಿಲ್ಲ. ಸರದಿ ಮೊದಲನೆಯದಾದ ಮಾತ್ರಕ್ಕೆ ಫಲ ಮೊದಲನೆಯದಾಗದು ಎಂಬುದಕ್ಕೆ ಎರಡು ದೇಶಗಳಲ್ಲಿಯೂ ಆರಂಭದಲ್ಲಿಯೇ ಸಾಕ್ಷಿ ದೊರೆತಂತಾಯಿತು.

ಅದಕ್ಕೂ ಮೊದಲು ಆಸ್ಟ್ರೇಲಿಯದಲ್ಲಿದ್ದುದು ಸೀಮಾವಿಭಾಗದ ಕ್ರಮ. 1968ರ ಸುಮಾರಿನಿಂದ ವಿಕ್ಟೋರಿಯ ರಾಜ್ಯದ ಗ್ರಾಮಾಂತರ ಪ್ರದೇಶಗಳನ್ನು ಮೆಲ್ಬರ್ನಿನ ತಂಡಗಳಿಗೆ ಹಂಚಿಕೊಡಲಾಗಿತ್ತು. ಬೆಂಡಿಗೊ ಸೀಮೆಯ ಹುಡುಗನು ಕಾರ್ಲ್‌ಟನ್ ತಂಡಕ್ಕೆ ಸೇರತಕ್ಕದ್ದು ಎಂಬಂತೆ. ಎಲ್ಲ ಸೀಮೆಗಳಲ್ಲಿಯೂ ಆಟಗಾರರ ಬೆಳೆ ಒಂದೇ ಸಮನಾಗಿ ಬರಲಿಲ್ಲ. ಕಪ್ಪು ಮಣ್ಣು ಸಿಕ್ಕವನಿಗೂ ಕಲ್ಲುಭೂಮಿ ಸಿಕ್ಕವನಿಗೂ ಒಂದೇ ಕಂದಾಯ ಹಾಕಿದಂತಾಗಿ ಆ ಏರ್ಪಾಡು ಕುಸಿಯಿತು. ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು. ಕಲಬುರಗಿಯ ಪ್ರಸ್ತಾಪದಲ್ಲಿ ಸೀಮೆಯ ಪ್ರಶ್ನೆ ಮರಳಿ ಬರುತ್ತದೆ.

ಸರದಿಯ ಕ್ರಮ ಇಷ್ಟೇ ಆಗಿದ್ದರೆ ಲೆಕ್ಕವಿಡುವುದು ಮಕ್ಕಳಾಟ. ಪಟ್ಟಿಯನ್ನು ತಲೆಕೆಳಗು ಮಾಡಿದರೆ ಮುಗಿಯಿತು. ತೊಡಕು ಹುಟ್ಟುವುದು ತಂಡಗಳು ತಮ್ಮ ಸರದಿಯನ್ನೇ ಪರಸ್ಪರ ವಿನಿಮಯ ಮಾಡಿಕೊಳ್ಳತೊಡಗಿದಾಗ. ಒಬ್ಬ ಅನುಭವಿ ಆಟಗಾರನನ್ನು ಪಡೆಯಲು ಒಂದು ತಂಡ ತನ್ನ ಎರಡನೆಯ ಸುತ್ತಿನ ಸರದಿಯನ್ನು ಬಿಟ್ಟುಕೊಡುತ್ತದೆ. ಪಡೆದವರು ಅದನ್ನು ಮೂರನೆಯವರಿಗೆ ದಾಟಿಸುತ್ತಾರೆ. ಹೊಲಗಳ ಪಹಣಿ ನೋಡಿ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಸರ್ವೆ ನಂಬರು ಅದೇ ಇರುತ್ತದೆ, ಖಾತೆದಾರನ ಹೆಸರು ಬದಲಾಗುತ್ತದೆ. ಆದುದರಿಂದ ಕ್ರಮವಾಗಿ ಲೆಕ್ಕ ಇಡುವವನು ಪ್ರತಿಯೊಂದು ಸರದಿಯ ಮುಂದೆಯೂ ಮೂರು ಸಂಗತಿಗಳನ್ನು ಬರೆಯಬೇಕು: ಅದು ಮೂಲತಃ ಯಾರದು, ಈಗ ಯಾರ ಕೈಯಲ್ಲಿದೆ, ಯಾರ ಯಾರ ಮೂಲಕ ಬಂತು. ಮೂಲ ಹೆಸರನ್ನು ಅಳಿಸಿಬಿಟ್ಟರೆ ಕೆಲಸ ಕೆಟ್ಟಿತು. ಏಕೆಂದರೆ ಸರದಿಯ ಅಂಕೆ ನಿರ್ಧಾರವಾಗುವುದು ಕೊಂಡವನ ಸ್ಥಾನದಿಂದಲ್ಲ, ಮಾರಿದವನ ಸ್ಥಾನದಿಂದ.

ಮುಂದಿನ ವರ್ಷದ ಸರದಿಯ ವ್ಯಾಪಾರದಲ್ಲಿಯಂತೂ ಇದು ಮುಖ್ಯ. 2015ರಿಂದ ಅಲ್ಲಿ ಇದಕ್ಕೆ ಅನುಮತಿಯಿದೆ. ತೊಗರಿ ಹೂಬಿಡುವ ಮೊದಲೇ ಇಂತಿಷ್ಟು ಎಂದು ಮಾತನಾಡಿ ಹೊಲದ ಫಸಲನ್ನು ಬಿಟ್ಟುಕೊಡುವ ರೈತನ ಪಾಡು ಇಲ್ಲಿ ತಂಡದ್ದು. ಮಳೆ ಹೇಗೆ ಬರುವುದೋ ಯಾರಿಗೂ ಗೊತ್ತಿಲ್ಲ. 2018ರ ಆಯ್ಕೆಯ ಸಂದರ್ಭದಲ್ಲಿ ಕಾರ್ಲ್‌ಟನ್ ತಂಡವು ಲಿಯಮ್ ಸ್ಟಾಕರ್ ಎಂಬ ಯುವಕನನ್ನು ಪಡೆಯಲೆಂದು ಅಡಿಲೇಡಿನಿಂದ ಆ ವರ್ಷದ 19ನೆಯ ಸರದಿಯನ್ನು ತೆಗೆದುಕೊಂಡು, 2019ರ ಮೊದಲ ಸುತ್ತಿನ ಸರದಿಗಳನ್ನು ಪರಸ್ಪರ ಅದಲುಬದಲು ಮಾಡಿಕೊಂಡಿತು. ಮರುವರ್ಷ ತಾನು ಮೇಲೇರುವೆನೆಂಬುದು ಅದರ ಭರವಸೆ. ಆದದ್ದು ಬೇರೆ. 2019ರಲ್ಲಿ ಹದಿನೆಂಟು ತಂಡಗಳಲ್ಲಿ ಕಾರ್ಲ್‌ಟನ್ 16ನೆಯದಾಯಿತು, ಅಡಿಲೇಡ್ 11ನೆಯದು. ಕಡೆಯಿಂದ ಮೂರನೆಯವರಿಗೆ ಸಲ್ಲಬೇಕಾದ ಬೆಲೆಬಾಳುವ ಸರದಿ ಹೀಗೆ ಅಡಿಲೇಡಿನ ಪಾಲಾಯಿತು. ಇದಕ್ಕೆ ವಿರುದ್ಧವಾಗಿ 2023ರಲ್ಲಿ ಕಟ್ಟಕಡೆಯದಾಗಿದ್ದ ವೆಸ್ಟ್ ಕೋಸ್ಟ್ ತಂಡವು ತನ್ನ ಮೊದಲ ಸರದಿಯನ್ನು ಕೈಬಿಡದೆ ಉಳಿಸಿಕೊಂಡು ಹಾರ್ಲಿ ರೀಡ್ ಎಂಬಾತನನ್ನು ಆರಿಸಿತು.

ಇನ್ನೂ ಒಂದು ಗಂಟಿದೆ. ನೂರು ಪಂದ್ಯಗಳನ್ನಾಡಿದ ಹಿರಿಯ ಆಟಗಾರನ ಮಗನನ್ನು ತಂದೆಯ ತಂಡವೇ ಪಡೆಯಬಹುದೆಂಬ ನಿಯಮ ಅಲ್ಲಿದೆ. ಬೇರೆ ತಂಡವು ಆ ಮಗನನ್ನು ಕೇಳಿದರೆ, ತಂದೆಯ ತಂಡವು ತನ್ನ ಕೆಳಗಿನ ಸರದಿಗಳನ್ನು ಒಟ್ಟುಗೂಡಿಸಿ ಬೆಲೆ ತೆರಬೇಕು. ಅದಕ್ಕಾಗಿ 2015ರಲ್ಲಿ ಒಂದು ಕೋಷ್ಟಕವನ್ನು ಜಾರಿಗೆ ತಂದರು: ಮೊದಲ ಸರದಿಗೆ 3000 ಅಂಕ, ಎರಡನೆಯದಕ್ಕೆ 2517, ಮೂರನೆಯದಕ್ಕೆ 2234, ಹೀಗೆ ಇಳಿಯುತ್ತ ಹೋಗುವ ಕ್ರಮ. ಚಿಲ್ಲರೆ ಕೂಡಿಸಿ ನೋಟು ಕೊಂಡಂತೆ. ಹೀಗೆ ನಡುವೆ ಒಬ್ಬನು ಸೇರಿದಾಗ ಕೆಳಗಿನವರ ಅಂಕೆಗಳೆಲ್ಲ ಒಂದೊಂದು ಸ್ಥಾನ ಜಾರುತ್ತವೆ. ಬೆಳಗ್ಗೆ ಬರೆದ ಪಟ್ಟಿ ರಾತ್ರಿಗೆ ಉಳಿಯುವುದಿಲ್ಲ. ಗಣಿತದ ಶಿಕ್ಷಕರು ಮಕ್ಕಳಿಗೆ ಅನುಪಾತವನ್ನು ಕಲಿಸಲು ಈ ಕೋಷ್ಟಕವನ್ನು ಧಾರಾಳವಾಗಿ ಬಳಸಿಕೊಳ್ಳಬಹುದು.

ಸೋತವರಿಗೆ ಬಹುಮಾನವಿದ್ದರೆ ಸೋಲುವುದಕ್ಕೂ ಆಸೆ ಹುಟ್ಟುತ್ತದೆ. ಅತಿ ಕಡಿಮೆ ಗೆಲುವು ಪಡೆದವರಿಗೆ ಹೆಚ್ಚುವರಿ ಸರದಿ ದೊರೆಯುತ್ತಿದ್ದ ಕಾಲದಲ್ಲಿ, 2009ರ ಆಟದ ಬಗ್ಗೆ ಮೆಲ್ಬರ್ನ್ ತಂಡದ ಮೇಲೆ ವಿಚಾರಣೆ ನಡೆಯಿತು. ಬೇಕೆಂದೇ ಸೋತರೆಂಬುದು ಸಿದ್ಧವಾಗಲಿಲ್ಲವಾದರೂ 2013ರಲ್ಲಿ ತಂಡಕ್ಕೆ 5 ಲಕ್ಷ ಡಾಲರು ದಂಡ ಬಿತ್ತು.

ಭಾರತದಲ್ಲಿ ಆಟಗಾರರ ಹಂಚಿಕೆ ಎಂದೊಡನೆ ನೆನಪಾಗುವುದು ಹರಾಜು. ಆದರೂ ಸರದಿಯ ಆಯ್ಕೆ ಇಲ್ಲಿ ಅಪರಿಚಿತವೇನಲ್ಲ. 2008ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ಪನ್ನು ಗೆದ್ದು ಬಂದ ಹುಡುಗರನ್ನು ಐಪಿಎಲ್ ತಂಡಗಳಿಗೆ ಹಂಚಿದ್ದು ಹರಾಜಿನಿಂದಲ್ಲ, ಸರದಿಯಿಂದ. ಮೊದಲ ಸರದಿ ಪಡೆದ ದೆಹಲಿಯು ತನ್ನೂರಿನ ನಾಯಕ ವಿರಾಟ್ ಕೊಹ್ಲಿಯನ್ನು ಬಿಟ್ಟು ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು. ಕೊಹ್ಲಿ ಬೆಂಗಳೂರಿನ ಪಾಲಿಗೆ ಬಂದರು. ಅದೇ ವಿಶ್ವಕಪ್ ತಂಡದಲ್ಲಿದ್ದ ಮನೀಶ್ ಪಾಂಡೆ ಮುಂಬಯಿ ಸೇರಿದರು. 2015ರ ಡಿಸೆಂಬರಿನಲ್ಲಿ ಪುಣೆ ಮತ್ತು ಗುಜರಾತ್ ಎಂಬ ಎರಡು ಹೊಸ ತಂಡಗಳು ಹುಟ್ಟಿದಾಗಲೂ ಸರದಿಯೇ: ಪುಣೆ ಧೋನಿಯನ್ನು ಕರೆಯಿತು, ಗುಜರಾತ್ ರೈನಾರನ್ನು, ಹೀಗೆ ಐದೈದು ಜನ. ಆಟಗಾರರ ವಿನಿಮಯವೂ ಉಂಟು. 2009ರಲ್ಲಿ ಜಹೀರ್ ಖಾನ್ ಮುಂಬಯಿಗೆ ಹೋಗಿ ನಮ್ಮ ರಾಬಿನ್ ಉತ್ತಪ್ಪ ಬೆಂಗಳೂರಿಗೆ ಬಂದರು. ಸರದಿಯನ್ನೇ ಮಾರುವ ಪದ್ಧತಿ ಮಾತ್ರ ಇಲ್ಲಿ ಬೇರೂರಲಿಲ್ಲ. ಹರಾಜಿನಲ್ಲಿ ಸರದಿ ಎಂಬುದೇ ಇಲ್ಲದಿರುವಾಗ ಮಾರುವುದಾದರೂ ಏನನ್ನು?

ಕಲಬುರಗಿಯ ಹೆಸರು ಈ ಕಥೆಯಲ್ಲಿ ಪ್ರವೇಶಿಸುವುದು 2022ರಲ್ಲಿ. 2009ರಲ್ಲಿ ಆರಂಭವಾಗಿ 2019ರ ನಂತರ ನಿಂತುಹೋದ ಕರ್ನಾಟಕ ಪ್ರೀಮಿಯರ್ ಲೀಗಿನ ಸ್ಥಾನದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯು ಮಹಾರಾಜ ಟ್ರೋಫಿಯನ್ನು ಏರ್ಪಡಿಸಿತು. ಆರು ತಂಡಗಳಲ್ಲಿ ಒಂದು ಗುಲ್ಬರ್ಗ ಮಿಸ್ಟಿಕ್ಸ್. ನಗರದ ಹೆಸರು 2014ರ ನವೆಂಬರಿನಲ್ಲಿಯೇ ಕಲಬುರಗಿಯಾಗಿದ್ದರೂ ತಂಡಕ್ಕೆ ಹಳೆಯ ಹೆಸರೇ ಉಳಿಯಿತು. ಅನುಭಾವಿಗಳು ಎಂಬರ್ಥದ ಉತ್ತರಪದ ಮಾತ್ರ ಶರಣರ ಈ ನೆಲಕ್ಕೆ ಒಪ್ಪುವಂಥದು. ಆ ವರ್ಷ ಹರಾಜು ನಡೆಯಲಿಲ್ಲ. ಆಟಗಾರರನ್ನು ಅನುಭವಕ್ಕೆ ತಕ್ಕಂತೆ ಶ್ರೇಣಿಗಳಾಗಿ ವಿಂಗಡಿಸಿ, ತಂಡಗಳು ಸರದಿಯಂತೆ ಆರಿಸಿಕೊಂಡವು. ಎಲ್ಲರೂ ಹೊಸಬರಾದುದರಿಂದ ಕಡೆಯವರಾರು ಮೊದಲಿಗರಾರು ಎಂಬ ಪ್ರಶ್ನೆಯೇ ಇರಲಿಲ್ಲ. ಮನೀಶ್ ಪಾಂಡೆ ನಾಯಕತ್ವದ ಗುಲ್ಬರ್ಗ ತಂಡವು 2022ರ ಆಗಸ್ಟ್ 26ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 11 ರನ್ನುಗಳಿಂದ ಸೋಲಿಸಿ ಪ್ರಥಮ ಪ್ರಶಸ್ತಿಯನ್ನು ತಂದಿತು. ರಾಜಧಾನಿಯನ್ನು ರಾಜಧಾನಿಯಲ್ಲಿಯೇ ಸೋಲಿಸಿದ ಸಂತೋಷ ಕಲಬುರಗಿಯವರಿಗೆ ಸಹಜವಾದುದೇ.

ಮರುವರ್ಷ ಹರಾಜು ಬಂತು. 2023ರಲ್ಲಿ ಅಭಿನವ್ ಮನೋಹರ್ 15 ಲಕ್ಷ ರೂಪಾಯಿಗೆ ಶಿವಮೊಗ್ಗಕ್ಕೆ ಹೋದರು. ಪಾಂಡೆ ಹುಬ್ಬಳ್ಳಿಗೆ ಹೋಗಿ, ಆ ತಂಡಕ್ಕೂ ನಾಯಕರಾಗಿ ಪ್ರಶಸ್ತಿ ಗೆದ್ದುಕೊಟ್ಟರು. ಗೆದ್ದ ತಂಡದ ತಲೆಯಾಳು ಮರುವರ್ಷ ಎದುರಾಳಿಯಾಗುವ ಈ ವ್ಯವಸ್ಥೆಯಲ್ಲಿ ಊರಿನ ಅಭಿಮಾನ ಯಾವುದಕ್ಕೆ ಅಂಟಿಕೊಳ್ಳಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಇನ್ನೊಂದು ಕೊರತೆಯನ್ನೂ ಹೇಳಲೇಬೇಕು. 2022ರಿಂದ 2025ರವರೆಗೆ ಪಂದ್ಯಗಳೆಲ್ಲ ಬೆಂಗಳೂರು ಮತ್ತು ಮೈಸೂರುಗಳಲ್ಲಿಯೇ ನಡೆದವು. ಕಲಬುರಗಿಯ ಹೆಸರು ಹೊತ್ತ ತಂಡವನ್ನು ಕಲಬುರಗಿಯ ಮಕ್ಕಳು ನೋಡಿದ್ದು ದೂರದರ್ಶನದ ಪರದೆಯ ಮೇಲೆ.

ಊರಿನೊಡನೆ ತಂಡಕ್ಕಿರುವ ನಿಜವಾದ ಕೊಂಡಿ ಒಂದೇ. ತನ್ನ ವಲಯದ ಆಟಗಾರರಿಗೆ ಕೆಲವು ಸ್ಥಾನಗಳನ್ನು ಕೊಡಬೇಕೆಂಬ ಕಟ್ಟುಪಾಡು ಆ ಕೊಂಡಿ. ರಾಜ್ಯ ಸಂಸ್ಥೆಯ ವಿಭಾಗದಲ್ಲಿ ಕಲಬುರಗಿಯು ರಾಯಚೂರು ವಲಯಕ್ಕೆ ಸೇರಿದೆ. ಆಸ್ಟ್ರೇಲಿಯದವರು 1986ರ ಹೊತ್ತಿಗೆ ಕೈಬಿಟ್ಟ ಸೀಮೆಯ ತತ್ತ್ವ ಇಲ್ಲಿ ಚಿಕ್ಕ ರೂಪದಲ್ಲಿ ಉಳಿದಿದೆ, ಮತ್ತು ಇರುವುದು ಒಳ್ಳೆಯದೇ. ಈ ಭಾಗದವರಿಗೆ ಇದರ ನ್ಯಾಯವನ್ನು ವಿವರಿಸಬೇಕಾಗಿಲ್ಲ. ಸಂವಿಧಾನದ 371(ಜೆ) ವಿಧಿಯ ಅನ್ವಯ 2013ರ ಆದೇಶದಿಂದ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡ 70ರಷ್ಟು, ರಾಜ್ಯದ ಉಳಿದೆಡೆ ಶೇಕಡ 8ರಷ್ಟು ಸೀಟುಗಳು ಮೀಸಲಾದ ಮೇಲೆ ಎಷ್ಟೋ ಮನೆಗಳಿಂದ ಮೊದಲ ವೈದ್ಯರೂ ಎಂಜಿನಿಯರರೂ ಹೊರಬಂದಿದ್ದಾರೆ. ಕೇವಲ ರ‍್ಯಾಂಕಿನ ಸರದಿ ಕೊಡಲಾರದ ಅವಕಾಶವನ್ನು ಪ್ರದೇಶದ ಪಾಲು ಕೊಟ್ಟಿತು.

ಆದರೆ ಸರದಿಯಾಗಲಿ ಪಾಲಾಗಲಿ ಅನ್ವಯಿಸುವುದು ಪಟ್ಟಿಯಲ್ಲಿ ಹೆಸರಿದ್ದವನಿಗೆ. ಆಸ್ಟ್ರೇಲಿಯದಲ್ಲಿ 18 ವರ್ಷದೊಳಗಿನವರ ಪ್ರಾದೇಶಿಕ ಪಂದ್ಯಾವಳಿಗಳಿವೆ. ತಂಡಗಳ ಶೋಧಕರು ವರ್ಷವಿಡೀ ಅವುಗಳನ್ನು ನೋಡಿ, ಹುಡುಗನ ಓಟವನ್ನೂ ನೆಗೆತವನ್ನೂ ಅಳೆದು ಬರೆದಿಡುತ್ತಾರೆ. ಆಯ್ಕೆಯ ರಾತ್ರಿ ಉಚ್ಚರಿಸುವ ಹೆಸರಿನ ಹಿಂದೆ ವರ್ಷಗಳ ದಾಖಲೆಯಿರುತ್ತದೆ. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ತಾಲ್ಲೂಕು ಕೇಂದ್ರವಾದದ್ದು 2018ರಲ್ಲಷ್ಟೇ. ಅಲ್ಲಿಯ ಹಳ್ಳಿಯೊಂದರ ಹುಡುಗನು ಎಷ್ಟೇ ವೇಗವಾಗಿ ಚೆಂಡೆಸೆಯಲಿ, ಅವನನ್ನು ನೋಡಿದವನೊಬ್ಬನು ಹೆಸರು ಬರೆದುಕೊಳ್ಳುವ ತನಕ ಅವನಿಗೆ ಮೊದಲ ಸರದಿಯೂ ಇಲ್ಲ, ಕಡೆಯ ಸರದಿಯೂ ಇಲ್ಲ.

ನೋಡುವವರು ಯಾರು? ಮೊದಲು ನೋಡುವವರು ಶಾಲೆಯ ದೈಹಿಕ ಶಿಕ್ಷಕರು. ರಾಜ್ಯ ಸಂಸ್ಥೆಯ ಅಂತರ ವಲಯ ಪಂದ್ಯಗಳು 14 ವರ್ಷದೊಳಗಿನವರಿಂದಲೇ ಆರಂಭವಾಗುತ್ತವೆ, ಅನಂತರ 16 ವರ್ಷದೊಳಗಿನವರದು. ಎಂದರೆ ಏಳನೆಯ, ಎಂಟನೆಯ ತರಗತಿಯ ವಯಸ್ಸು. ಆ ವಯಸ್ಸಿನಲ್ಲಿ ವಲಯದ ಆಯ್ಕೆಗೆ ಹುಡುಗನನ್ನು ಕಲಬುರಗಿಗೋ ರಾಯಚೂರಿಗೋ ಕರೆದೊಯ್ಯಲು ಬೇಕಾಗುವುದು ಜನನ ದಿನಾಂಕದ ಸರಿಯಾದ ದಾಖಲೆ, ಬಸ್ಸಿನ ಖರ್ಚು, ಒಂದು ಜೊತೆ ಬೂಟು, ಮತ್ತು ಎರಡು ದಿನ ತರಗತಿಯಿಂದ ಬಿಡುಗಡೆ. ದಾನಿಗಳು ಮೈದಾನದ ಸುತ್ತ ಗೋಡೆ ಕಟ್ಟಿಸುವ ಮಾತು ಬಂದಾಗ ಈ ಪುಟ್ಟ ಖರ್ಚಿನ ಬಾಬತ್ತನ್ನೂ ಮುಂದಿಡಬಹುದು. ಶಾಲೆಯ ಪಂದ್ಯಗಳ ರನ್ನು, ವಿಕೆಟ್ಟುಗಳನ್ನು ತಾರೀಖಿನೊಡನೆ ಬರೆದಿಡುವ ಪುಸ್ತಕಕ್ಕಂತೂ ಖರ್ಚೇ ಇಲ್ಲ. ಹಾಜರಿ ಪುಸ್ತಕದ ಪಕ್ಕದಲ್ಲಿ ಅದೊಂದು ಇದ್ದರೆ ಸಾಕು.