ತಂತಿ ಹೋಯಿತು, ಅದರ ಕೆಲಸ ಉಳಿಯಿತು

ಇಯರ್‌ಫೋನಿನ ತಂತಿಯನ್ನು ಬೈಯದವರಿಲ್ಲ. ಜೇಬಿಗೆ ಹಾಕಿದ ಮೇಲೆ ತನ್ನಷ್ಟಕ್ಕೆ ಗಂಟು ಬೀಳುತ್ತಿತ್ತು, ಬಸ್ಸಿನಲ್ಲಿ ಪಕ್ಕದವರ ಬ್ಯಾಗಿಗೆ ಸಿಕ್ಕಿಕೊಳ್ಳುತ್ತಿತ್ತು, ಪಿನ್ನಿನ ಬುಡದಲ್ಲಿ ಎಳೆ ಕಿತ್ತು ಒಂದೇ ಕಿವಿಗೆ ಹಾಡು ಕೇಳಿಸುತ್ತಿತ್ತು. ಈಗ ಆ ಪೀಡೆ ತೊಲಗಿದೆ. ತೊಲಗಿದ ಮೇಲೆ ನೋಡಿದರೆ ಆ ಬಡಪಾಯಿ ತಂತಿ ಎಷ್ಟೊಂದು ಕೆಲಸ ಮಾಡುತ್ತಿತ್ತು! ಫೋನಿನಿಂದ ಧ್ವನಿ ತರುತ್ತಿತ್ತು. ಕಿವಿಯೊಳಗಿನ ಪುಟ್ಟ ಸ್ಪೀಕರಿಗೆ ಬೇಕಾದ ವಿದ್ಯುತ್ತನ್ನೂ ಅದೇ ಹೊತ್ತು ತರುತ್ತಿತ್ತು. ಎಡಗಿವಿ ಬಲಗಿವಿಗಳನ್ನು ಒಂದೇ ತಾಳಕ್ಕೆ ಕಟ್ಟಿಡುತ್ತಿತ್ತು. ಕಿವಿಯಿಂದ ಜಾರಿದ್ದು ಎದೆಯ ಮೇಲೆ ನೇತಾಡುತ್ತಿತ್ತೇ ಹೊರತು ಚರಂಡಿಯ ಪಾಲಾಗುತ್ತಿರಲಿಲ್ಲ. ಇಯರ್‌ಬಡ್ಸ್ ವಿನ್ಯಾಸ ಮಾಡಿದವರು ಇಷ್ಟನ್ನೂ ಐದಾರು ಗ್ರಾಂ ತೂಕದ ತುಣುಕಿನೊಳಗೆ ತುರುಕಬೇಕಾಯಿತು.

ತಂತಿಯ ತುದಿಯ ಪಿನ್ನಿಗೂ ಒಳ್ಳೆಯ ವಯಸ್ಸಾಗಿತ್ತು. 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕರೆ ಜೋಡಿಸಲು ಆಪರೇಟರುಗಳು ಚುಚ್ಚಿ ಕೀಳುತ್ತಿದ್ದ ಕಾಲಿಂಚಿನ ಪ್ಲಗ್ಗಿನ ಮರಿ ಅದು. 1910ರ ಹೊತ್ತಿಗೆ ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್ವಿನ್ ತನ್ನ ಮನೆಯ ಅಡುಗೆಕೋಣೆಯಲ್ಲೇ ಹೆಡ್‌ಫೋನ್ ಜೋಡಿಸಿ ನೌಕಾಪಡೆಗೆ ಮಾರಿದ. 1979ರ ಜುಲೈನಲ್ಲಿ ಬಂದ ಸೋನಿ ವಾಕ್‌ಮನ್ ಹೆಡ್‌ಫೋನನ್ನು ಬೀದಿಗೆ ತಂದಿತು. 2016ರ ಸೆಪ್ಟೆಂಬರ್ 7ರಂದು ಆಪಲ್ ಕಂಪನಿ ಐಫೋನ್ 7ರಿಂದ ಆ ಪಿನ್ನು ಚುಚ್ಚುವ ತೂತನ್ನೇ ಮುಚ್ಚಿಬಿಟ್ಟಿತು. ಇದಕ್ಕೆ ಕಾರಣ ‘ಧೈರ್ಯ’ ಎಂದು ಕಂಪನಿಯ ಫಿಲ್ ಶಿಲ್ಲರ್ ವೇದಿಕೆಯ ಮೇಲೆ ಹೇಳಿದಾಗ ಜಗತ್ತು ನಕ್ಕಿತು. ಅಂದೇ ತೋರಿಸಿದ ಏರ್‌ಪಾಡ್ಸ್ ಎಂಬ ಇಯರ್‌ಬಡ್ಸನ್ನು ಕಂಡು, ಕಿವಿಯಲ್ಲಿ ಹಲ್ಲುಜ್ಜುವ ಬ್ರಷ್ಷಿನ ತಲೆ ಸಿಕ್ಕಿಸಿಕೊಂಡಂತಿದೆ ಎಂದು ಆಡಿಕೊಂಡವರೇ ಹೆಚ್ಚು. ನಕ್ಕವರಲ್ಲಿ ಬಹಳ ಮಂದಿಯ ಕಿವಿಯಲ್ಲಿ ಈಗ ಅಂಥದ್ದೇ ಒಂದು ಇದೆ.

ಆದರೆ ಈ ದಾರಿಯಲ್ಲಿ ಮೊದಲು ಹೊರಟವರು ಆಪಲ್‌ನವರಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ ಬ್ರಾಗಿ ಎಂಬ ಪುಟ್ಟ ಕಂಪನಿ 2014ರಲ್ಲಿ ‘ಡ್ಯಾಶ್’ ಎಂಬ ತಂತಿರಹಿತ ಜೋಡಿಯ ಆಸೆ ತೋರಿಸಿ, ಜನರಿಂದಲೇ 30 ಲಕ್ಷ ಡಾಲರಿಗೂ ಮಿಕ್ಕಿ ಮುಂಗಡ ಎತ್ತಿತು. ಎದೆಬಡಿತ ಅಳೆಯುವುದು, ಹಾಡುಗಳನ್ನು ತನ್ನೊಳಗೇ ಇಟ್ಟುಕೊಳ್ಳುವುದು, ಈಜುವಾಗಲೂ ಹಾಡುವುದು, ಎಲ್ಲವೂ ಅದರಲ್ಲಿತ್ತು. ಬ್ಯಾಟರಿ ಮಾತ್ರ ಮೂರು ಗಂಟೆಗೆ ಕೈಯೆತ್ತುತ್ತಿತ್ತು. 2019ರ ಹೊತ್ತಿಗೆ ಬ್ರಾಗಿ ಸಾಧನ ತಯಾರಿಸುವ ವ್ಯವಹಾರವನ್ನೇ ಮಾರಿಕೊಂಡಿತು.

ಇವರೆಲ್ಲರಿಗೂ ಎದುರಾದ ಮೊದಲ ಅಡ್ಡಿ ನಮ್ಮ ತಲೆ. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಯಾಪ್ ಹಾರ್ಟ್‌ಸೆನ್ ಎಂಬ ಎಂಜಿನಿಯರ್ ಶುರುಮಾಡಿದ ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಅಡುಗೆಮನೆಯ ಮೈಕ್ರೊವೇವ್ ಓವನ್ನಿನದೂ ಅದೇ ಬೀದಿ. ಓವನ್ನಿನೊಳಗೆ ಸಾರು ಬಿಸಿಯಾಗುವುದು ಅದರಲ್ಲಿರುವ ನೀರು ಈ ಅಲೆಗಳನ್ನು ಹೀರುವುದರಿಂದ. ನಮ್ಮ ತಲೆಯೊಳಗೆ ಇರುವುದೂ ಬಹುಪಾಲು ನೀರೇ. ಹಾಗೆಂದು ಗಾಬರಿ ಬೇಡ: ಓವನ್ನಿನ ಶಕ್ತಿ ಸಾವಿರ ವಾಟಿನ ಹತ್ತಿರದ್ದಾದರೆ ಇಯರ್‌ಬಡ್ಸಿನದು ವಾಟಿನ ಸಾವಿರದ ಕೆಲವು ಪಾಲು. ತಲೆ ಬಿಸಿಯಾಗುವುದಿಲ್ಲ; ಸಿಗ್ನಲ್ ಮಾತ್ರ ತಲೆಯನ್ನು ದಾಟುವುದಿಲ್ಲ. ಪ್ಯಾಂಟಿನ ಬಲಜೇಬಿನಲ್ಲಿ ಫೋನ್ ಇಟ್ಟು ಬಯಲಿನಲ್ಲಿ ನಡೆಯುವಾಗ ಎಡಗಿವಿಯ ಹಾಡು ಕತ್ತರಿಸುತ್ತಿದ್ದುದಕ್ಕೆ ಇದೇ ಕಾರಣ. ಕೋಣೆಯೊಳಗೆ ಈ ತೊಂದರೆ ಕಡಿಮೆ, ಏಕೆಂದರೆ ಅಲೆಗಳು ಗೋಡೆಗೆ ಬಡಿದು ಸುತ್ತಿ ಬರುತ್ತವೆ.

ತಲೆ ದಾಟಿಸಲು ಕೆಲವರು ಶ್ರವಣ ಸಾಧನಗಳ ಹಳೆಯ ಉಪಾಯ ಹಿಡಿದರು: ರೇಡಿಯೊ ಅಲೆಯ ಬದಲು ಕಾಂತಕ್ಷೇತ್ರ. ಅದಕ್ಕೆ ನೀರು, ಮೂಳೆ ಯಾವುದರ ಹಂಗೂ ಇಲ್ಲ. ಬ್ರಾಗಿಯ ಡ್ಯಾಶ್ ಒಂದು ಕಿವಿಯಿಂದ ಇನ್ನೊಂದಕ್ಕೆ ಧ್ವನಿ ಕಳಿಸಿದ್ದು ಹೀಗೆ. ಮುಂದೆ ಬಂದವರು ಇನ್ನೂ ಚೊಕ್ಕ ದಾರಿ ಕಂಡುಕೊಂಡರು. ಫೋನ್ ಮಾತಾಡುವುದು ಒಂದು ಬಡ್ ಜೊತೆಗೇ. ಇನ್ನೊಂದು ಬಾಗಿಲ ಮರೆಯಲ್ಲಿ ನಿಂತವರಂತೆ ಆ ಮಾತನ್ನು ಕದ್ದು ಕೇಳಿಸಿಕೊಂಡು ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ.

ತಾಳದ ವಿಷಯ ಇನ್ನೂ ಸೂಕ್ಷ್ಮ. ಎಡಗಡೆಯಿಂದ ಬಂದ ಸದ್ದು ಬಲಗಿವಿಗೆ ಮುಟ್ಟುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ತಡವಾಗಿ. ಅಷ್ಟರಿಂದಲೇ ಮಿದುಳು ಸದ್ದಿನ ದಿಕ್ಕು ಹಿಡಿಯುತ್ತದೆ. ಪಳಗಿದ ಕಿವಿ 10 ಮೈಕ್ರೊಸೆಕೆಂಡಿನ ವ್ಯತ್ಯಾಸವನ್ನೂ ಗುರುತಿಸಬಲ್ಲದು. ಹಾಗಾಗಿ ಎಡ-ಬಲ ಬಡ್ಸಿನ ಗಡಿಯಾರಗಳು ಒಂದಿಷ್ಟು ಜಾರಿದರೂ ಕಛೇರಿಯಲ್ಲಿ ನಡುವೆ ಕೂತ ಗಾಯಕಿ ಪಿಟೀಲಿನವರ ಮಡಿಲಿಗೆ ಸರಿದಂತೆ ಕೇಳುತ್ತದೆ. ತಂತಿಗೆ ಈ ಲೆಕ್ಕದ ಗೊಡವೆಯೇ ಇರಲಿಲ್ಲ. ಈಗ ಎರಡು ಬಡ್ಸೂ ಬಿಡುವಿಲ್ಲದೆ ಗಡಿಯಾರ ಸರಿಹೊಂದಿಸಿಕೊಳ್ಳುತ್ತಲೇ ಇರುತ್ತವೆ. ಇಷ್ಟಾದರೂ ಫೋನಿನಿಂದ ಕಿವಿಗೆ ಬರುವಷ್ಟರಲ್ಲಿ ಧ್ವನಿ ತುಸು ಹಿಂದೆ ಬೀಳುತ್ತದೆ. ಸಿನಿಮಾ ನೋಡುವಾಗ ಫೋನ್ ಚಿತ್ರವನ್ನೇ ಅಷ್ಟು ತಡಮಾಡಿ ಮರ್ಯಾದೆ ಉಳಿಸುತ್ತದೆ. ಗೇಮ್ ಆಡುವ ಹುಡುಗರಿಗೆ ಈ ಉಪಕಾರ ಸಿಗುವುದಿಲ್ಲ. ಹಾಡು ಚೆನ್ನಾಗಿ ಕೇಳುತ್ತಿದ್ದಾಗ ಕರೆ ಬಂದರೆ ಧ್ವನಿ ಡಬ್ಬಿಯೊಳಗೆ ಇಳಿದಂತಾಗುವುದೂ ಬ್ಲೂಟೂತಿನ ಹಳೆಯ ಕಟ್ಟಳೆಯಿಂದಲೇ. ಮೈಕ್ ತೆರೆದೊಡನೆ ಅದು ಕೇಳುವ ಕಡೆಯ ಗುಣಮಟ್ಟವನ್ನು ಇಳಿಸಿಬಿಡುತ್ತದೆ. 2020ರಲ್ಲಿ ಪ್ರಕಟವಾದ ಎಲ್‌ಇ ಆಡಿಯೊ ಎಂಬ ಹೊಸ ಮಾದರಿ ಇದನ್ನು ಸರಿಪಡಿಸಲು ಹೊರಟಿದೆ. ಹಳೆಯ ಫೋನುಗಳಿಗೆ ಅದು ದಕ್ಕದು.

ಗದ್ದಲ ಅಡಗಿಸುವ ವಿದ್ಯೆಯ ಕತೆ ಬೇರೆಯೇ ಇದೆ. ಬರುವ ಅಲೆಗೆ ತಲೆಕೆಳಗಾದ ಅಲೆಯೊಂದನ್ನು ಎದುರು ಬಿಟ್ಟರೆ ಎರಡೂ ಸೇರಿ ಸೊನ್ನೆಯಾಗುತ್ತವೆ. ಜರ್ಮನಿಯ ಪೌಲ್ ಲ್ಯುಗ್ ಇದಕ್ಕೆ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಅದನ್ನು ಕಿವಿಯವರೆಗೆ ತಂದವರು ಅಮರ್ ಬೋಸ್. ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರರ ಮಗ; ಎಂಐಟಿಯಲ್ಲಿ ಮೇಷ್ಟರು. 1978ರಲ್ಲಿ ಜೂರಿಕ್‌ನಿಂದ ಮರಳುವಾಗ ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಮೊರೆತ ಸಂಗೀತವನ್ನು ನುಂಗಿಹಾಕಿತು. ಅವರು ಕೂತಲ್ಲೇ ಲೆಕ್ಕ ಹಾಕಲು ತೊಡಗಿದರು. 1986ರಲ್ಲಿ ಎಲ್ಲೂ ಇಳಿಯದೆ ಭೂಮಿ ಸುತ್ತಿದ ವಾಯೇಜರ್ ವಿಮಾನದ ಇಬ್ಬರು ಪೈಲಟ್‌ಗಳು ಬೋಸರ ಕಂಪನಿಯ ಮಾದರಿ ಹೆಡ್‌ಸೆಟ್ ಧರಿಸಿದ್ದರು. 1989ರಲ್ಲಿ ಪೈಲಟ್‌ಗಳಿಗಾಗಿ ಅದು ಮಾರುಕಟ್ಟೆಗೆ ಬಂತು. ಒಂದು ಯೋಚನೆಗೆ ಹನ್ನೊಂದು ವರ್ಷ ಹಣ ಸುರಿಯುವ ಕಂಪನಿ ಇಂದು ಎಷ್ಟಿದ್ದಾವು?

ಆದರೂ ಈ ವಿದ್ಯೆಗೆ ಮಿತಿಯಿದೆ. ನೂರು ಹರ್ಟ್ಸಿನ ಗುಂಯ್‌ ಸದ್ದಿನ ಒಂದು ಅಲೆ ಮೂರು ಮೀಟರಿಗೂ ಉದ್ದ. ಅದನ್ನು ಹಿಡಿದು ತಲೆಕೆಳಗು ಮಾಡಲು ಪುರುಸೊತ್ತು ಸಿಗುತ್ತದೆ. ಹತ್ತು ಸಾವಿರ ಹರ್ಟ್ಸಿನದು ಮೂರೂವರೆ ಸೆಂಟಿಮೀಟರ್ ಕೂಡ ಇಲ್ಲ; ಚಿಪ್ ಲೆಕ್ಕ ಮುಗಿಸುವಷ್ಟರಲ್ಲಿ ಅದು ಕಿವಿತಮಟೆ ಮುಟ್ಟಿರುತ್ತದೆ. ಅದಕ್ಕೇ ರಾತ್ರಿ ಬಸ್ಸಿನ ಎಂಜಿನ್, ಎಸಿಯ ಮೊರೆತ ಮಾಯವಾದರೂ ಹಾರ್ನ್, ಮಗುವಿನ ಅಳು, ಹಿಂದಿನ ಸೀಟಿನವರ ಜಮೀನು ವ್ಯಾಜ್ಯ ಪೂರ್ತಿ ಅಡಗುವುದಿಲ್ಲ. ಆ ಬಗೆಯ ಸದ್ದನ್ನು ತಡೆಯುವುದು ಚಿಪ್ಪಲ್ಲ, ಕಿವಿಗೆ ಬಿರಟೆಯಂತೆ ಕೂರುವ ಸಿಲಿಕಾನ್ ತುದಿ. ಪೆಟ್ಟಿಗೆಯಲ್ಲಿ ಕೊಡುವ ಮೂರು ಅಳತೆಯ ತುದಿಗಳಲ್ಲಿ ಎರಡನ್ನು ಮುಟ್ಟಿಯೂ ನೋಡದವರು ದಯವಿಟ್ಟು ಒಮ್ಮೆ ಬದಲಿಸಿ ನೋಡಿ. ಎರಡು ಕಿವಿಗಳ ಅಳತೆ ಬೇರೆಯಾಗಿರುವುದೂ ಉಂಟು. ಸಡಿಲಾಗಿ ಕೂತರೆ ಮೃದಂಗದ ಎಡಭಾಗವೇ ಸೋರಿಹೋಗುತ್ತದೆ. ಬಿಗಿಯಾದರೆ ಮತ್ತೊಂದು ಪೇಚು: ನಮ್ಮದೇ ಮಾತು ಕೊಡದೊಳಗಿನಿಂದ ಬಂದಂತೆ ಕೇಳುತ್ತದೆ, ಚಕ್ಕುಲಿ ಕಡಿದರೆ ಕಲ್ಲು ಒಡೆದಂತಾಗುತ್ತದೆ. ತಲೆಬುರುಡೆಯ ಮೂಲಕ ಬಂದ ಕಂಪನಕ್ಕೆ ಹೊರಹೋಗಲು ದಾರಿಯಿಲ್ಲದಿರುವುದೇ ಕಾರಣ. ಇದಕ್ಕಾಗಿಯೇ ಬಡ್ಸಿನ ಮೈಯಲ್ಲಿ ಕಾಣದಷ್ಟು ಸಣ್ಣ ಗಾಳಿಕಿಂಡಿಗಳನ್ನು ಕೊರೆಯುತ್ತಾರೆ, ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು ಒಳಗೆ ಬಿಡುತ್ತಾರೆ.

ಹೊರಗಿನ ಸದ್ದನ್ನು ಒಳಗೆ ಬಿಡುವ ಸಾಧನ ಅದನ್ನು ದೊಡ್ಡದು ಮಾಡಿಯೂ ಬಿಡಬಹುದಲ್ಲ? ಅಲ್ಲಿಗೆ ಆಟಿಕೆ ಹೋಗಿ ಔಷಧದ ಸಾಲಿಗೆ ಸೇರಿತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಏರ್‌ಪಾಡ್ಸ್ ಪ್ರೊ ಎರಡನೇ ಪೀಳಿಗೆಯನ್ನು ಸಾಧಾರಣ ಕಿವುಡುತನವಿರುವ ವಯಸ್ಕರು ಶ್ರವಣ ಸಾಧನವಾಗಿ ಬಳಸಲು ಬೇಕಾದ ಸಾಫ್ಟ್‌ವೇರಿಗೆ ಒಪ್ಪಿಗೆ ಕೊಟ್ಟಿತು. ಆಗ ಭಾರತದಲ್ಲಿ ಆ ಸೌಲಭ್ಯ ತೆರೆದಿರಲಿಲ್ಲ. ಬೆಂಗಳೂರಿನ ಲ್ಯಾಗ್ರಾಂಜ್ ಪಾಯಿಂಟ್ ಎಂಬ ಗೆಳೆಯರ ಗುಂಪಿನ ಯುವಕರು ಅಜ್ಜಿಯರಿಗಾಗಿ ಇದಕ್ಕೊಂದು ದಾರಿ ಹುಡುಕಿದರು. ಬಡ್ಸಿಗೆ ಜೋಡಿಸಿದ ಸಾಧನ ತಾನಿರುವ ಊರನ್ನು ಪತ್ತೆ ಹಚ್ಚುವುದು ಸುತ್ತಲಿನ ವೈಫೈ ಹೆಸರುಗಳಿಂದ. ಅಲ್ಯೂಮಿನಿಯಂ ಹಾಳೆ, ಲೋಹದ ಜಾಲರಿ, ಕೊನೆಗೆ ಒಂದು ಮೈಕ್ರೊವೇವ್ ಓವನ್ ಬಳಸಿ ಬೆಂಗಳೂರಿನ ಸಿಗ್ನಲ್ಲುಗಳನ್ನು ಹೊರಗಿಟ್ಟು, ಒಳಗೊಂದು ಪುಟ್ಟ ಚಿಪ್ಪಿನಿಂದ ಕ್ಯಾಲಿಫೋರ್ನಿಯಾದ ವೈಫೈ ಹೆಸರುಗಳನ್ನು ಬಿತ್ತರಿಸಿದರು. ಸಾಧನ ನಂಬಿತು, ಅಜ್ಜಿಯರ ಬಡ್ಸ್ ಶ್ರವಣ ಸಾಧನವಾಯಿತು. 2.4 ಗಿಗಾಹರ್ಟ್ಸಿನ ಅಲೆ ಹೊರಬರದಂತೆ ಓವನ್ನಿನ ಬಾಗಿಲಿಗೆ ಹಾಕಿದ ಜಾಲರಿ ಇಲ್ಲಿ ಒಳಬರುವುದನ್ನು ತಡೆಯಿತು. ತಂತ್ರಜ್ಞಾನ ನಗರ ಎಂದು ಬೆನ್ನು ತಟ್ಟಿಕೊಳ್ಳುವ ನಮ್ಮ ಊರಿಂದ ಬಂದ ಸುದ್ದಿಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಆದರೂ ಕಿವಿ ಮಂದವಾಗಿದ್ದರೆ ಮೊದಲ ಬಾಗಿಲು ಅಂಗಡಿಯಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿಯೋ ಹತ್ತಿರದ ಕಿವಿ-ಮೂಗು-ಗಂಟಲು ವೈದ್ಯರಲ್ಲಿಯೋ ಪರೀಕ್ಷೆ ಮಾಡಿಸಿಯೇ ಮುಂದಿನ ಮಾತು.

ಇದೇ ಬಡ್ಸ್ ಕಿವಿ ಕೆಡಿಸಲೂ ಬಲ್ಲದು. 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ ಬರೀ 4 ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗದ್ದಲ ಅಡಗಿಸುವ ಸೌಲಭ್ಯದ ನಿಜವಾದ ಉಪಯೋಗ ಇಲ್ಲಿದೆ. ಹೊರಗಿನ ಸದ್ದು ಇಳಿದರೆ ಒಳಗಿನದನ್ನೂ ಇಳಿಸಬಹುದು.

ಇನ್ನು ವಿದ್ಯುತ್ತು. ಧ್ವನಿ, ತಾಳ ಎರಡನ್ನೂ ಎಂಜಿನಿಯರುಗಳು ಗೆದ್ದರು. ಕಳೆದುಹೋಗದಂತೆ ಕಾಯುವ ಕೆಲಸವನ್ನು ಚಾರ್ಜಿಂಗ್ ಡಬ್ಬಿ ತಕ್ಕಮಟ್ಟಿಗೆ ಮಾಡುತ್ತಿದೆ. ಸೋತದ್ದು ಬ್ಯಾಟರಿಯಲ್ಲಿ. ಮೊದಲ ಏರ್‌ಪಾಡ್ಸಿನ ಒಂದೊಂದು ತುಣುಕಿನ ತೂಕ 4 ಗ್ರಾಂ, ಬ್ಯಾಟರಿ 93 ಮಿಲಿವಾಟ್-ಗಂಟೆ. ಅದೇ ವರ್ಷದ ಐಫೋನಿನ ಬ್ಯಾಟರಿ ಇದರ ಸುಮಾರು 80 ಪಟ್ಟು. ಇಷ್ಟು ಸಣ್ಣ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಡಬ್ಬಿಗೆ ಹಾಕಿದಾಗಲೆಲ್ಲ ತುಂಬುತ್ತದೆ. ಹೀಗೆ ಕೆಲವು ನೂರು ಸಲ ತುಂಬಿ ಖಾಲಿಯಾಗುವುದರೊಳಗೆ ಲಿಥಿಯಂ ಬ್ಯಾಟರಿಯ ಕಸುವು ಎದ್ದು ಕಾಣುವಷ್ಟು ಇಳಿಯುತ್ತದೆ. ಸ್ಪೀಕರ್, ಚಿಪ್, ಮೈಕ್ ಎಲ್ಲ ಗಟ್ಟಿಮುಟ್ಟಾಗಿರುವಾಗಲೇ, ಎರಡು ಮೂರು ವರ್ಷಕ್ಕೆ ಇಡೀ ಜೋಡಿ ಮೂಲೆ ಸೇರುತ್ತದೆ. ಹಳೆಯ ತಂತಿ ಕಿತ್ತರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಊರ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲೋ ಸೋಲ್ಡರ್ ಹಾಕಿ ಕೊಡುತ್ತಿದ್ದರು. ಅಂಟು ಹಾಕಿ ಮುಚ್ಚಿದ ಬಡ್ಸನ್ನು ಒಡೆಯದೆ ತೆರೆಯಲಾಗದು. ಸಾಧನಗಳನ್ನು ಬಿಚ್ಚಿ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ರಿಪೇರಿಯ ವಿಷಯದಲ್ಲಿ ಏರ್‌ಪಾಡ್ಸಿಗೆ ಕೊಟ್ಟದ್ದು ಹತ್ತಕ್ಕೆ ಸೊನ್ನೆ.

ಇಷ್ಟು ಸಣ್ಣದರಲ್ಲಿ ಬೇರೆ ದಾರಿಯೇ ಇಲ್ಲ ಎಂಬ ಸಬೂಬು ಈಗ ನಡೆಯದು. ನೆದರ್‌ಲೆಂಡ್ಸಿನ ಫೇರ್‌ಫೋನ್ ಕಂಪನಿ 2024ರಲ್ಲಿ ತಂದ ಫೇರ್‌ಬಡ್ಸಿನಲ್ಲಿ ಬಡ್ಸ್ ಮತ್ತು ಡಬ್ಬಿ ಎರಡರ ಬ್ಯಾಟರಿಯನ್ನೂ ಬಳಸುವವರೇ ಬದಲಿಸಬಹುದು. ಗದ್ದಲ ಅಡಗಿಸುವ ಸೌಲಭ್ಯವೂ ಅದರಲ್ಲಿದೆ. ಐರೋಪ್ಯ ಒಕ್ಕೂಟದ ಹೊಸ ಕಾನೂನು 2027ರ ಫೆಬ್ರುವರಿ 18ರಿಂದ ಇಂಥ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಹಾಕುವಂತಿರಬೇಕು ಎನ್ನುತ್ತದೆ. ನಮ್ಮಲ್ಲಿ 2022ರ ಇ-ತ್ಯಾಜ್ಯ ನಿಯಮಗಳು ಹಳೆಯದನ್ನು ಮರುಬಳಕೆಗೆ ತಲುಪಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಣೆ ಹೊರಿಸಿದರೆ ಸಾಲದು, ಬ್ಯಾಟರಿ ಬದಲಿಸುವ ಹಕ್ಕೂ ನಮಗೆ ಬೇಕು.

ಮುಂದಿನ ಸಲ ಕೊಳ್ಳುವಾಗ ಅಂಗಡಿಯವರನ್ನು ಬ್ಯಾಟರಿ ಬದಲಿಸಿಕೊಡುತ್ತೀರಾ ಎಂದು ಕೇಳಿ. ಉತ್ತರ ಸಿಗದಿರಬಹುದು, ಆದರೆ ಕೇಳುವವರು ಹೆಚ್ಚಾದರೆ ಕಂಪನಿಗೂ ಮುಟ್ಟುತ್ತದೆ. ಹಾಳಾದ ಜೋಡಿಯನ್ನು ಮಾತ್ರ ಒಣಕಸದ ಜೊತೆ ಹಾಕಬೇಡಿ. ಕಸದ ಗಾಡಿಯಲ್ಲಿ ಜಜ್ಜಿಹೋದ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೇ ಕೊಡಿ.